ಮನೆ ಮೇಲೆ ಸುಳಿಯುವ ಡ್ರೋನನ್ನು ಹೊಡೆದು ಬೀಳಿಸಬಹುದೇ?

ಪ್ರಶ್ನೆ: ಯಾರದೋ ಡ್ರೋನ್ ಆಗಾಗ ನಮ್ಮ ತಾರಸಿ ಮೇಲೆ ಬಂದು ನಿಲ್ಲುತ್ತದೆ. ಬಟ್ಟೆ ಒಣಹಾಕಲು ಹೋಗುವುದಕ್ಕೂ ಹೆಣ್ಣುಮಕ್ಕಳಿಗೆ ಮುಜುಗರ. ಕಲ್ಲು ಹೊಡೆದರೆ ತಪ್ಪೇ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಕಲ್ಲು ಎತ್ತಬೇಡಿ. ಬೇರೆಯವರ ಸೊತ್ತು ಹಾಳುಮಾಡಿದಿರೆಂದು ದೇಶದ ದಂಡ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಪ್ರಕಾರ ನಿಮ್ಮ ಮೇಲೆಯೇ ದೂರು ಬರಬಹುದು. ಬಿದ್ದ ಡ್ರೋನ್ ಯಾರ ತಲೆಗಾದರೂ ಬಡಿಯಬಹುದು, ಜಜ್ಜಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ಸಿಗ್ನಲ್ ತಡೆಯುವ ಜಾಮರ್ ಬಳಸುವುದೂ ಖಾಸಗಿಯವರಿಗೆ ಕಾನೂನುಬಾಹಿರ.

ಮೊದಲು ಎತ್ತರ ಗಮನಿಸಿ. ಸಾಮಾನ್ಯ ವೈಡ್ ಲೆನ್ಸಿನ 4ಕೆ ಕ್ಯಾಮೆರಾ 120 ಮೀಟರ್ ಮೇಲಿದ್ದರೆ ಮುಖದ ಅಗಲ ಮೂರ್ನಾಲ್ಕು ಪಿಕ್ಸೆಲ್ ಅಷ್ಟೇ; ಗುರುತು ಸಿಗದು. 10 ಮೀಟರಿಗೆ ಇಳಿದರೆ ಅದೇ ಮುಖ ಸುಮಾರು 40 ಪಿಕ್ಸೆಲ್, ಗುರುತು ಹಿಡಿಯಬಹುದು. (ದೂರದ್ದನ್ನು ಹತ್ತಿರ ಮಾಡಿ ತೋರಿಸುವ ಟೆಲಿ ಲೆನ್ಸ್ ಇದ್ದರೆ ಈ ಲೆಕ್ಕ ನಡೆಯದು.) ಹಳ್ಳಿಯಲ್ಲಿ ಎತ್ತರದಲ್ಲಿ ನೇರ ಸಾಲುಗಳಲ್ಲಿ ಹೋಗಿಬರುತ್ತಿದ್ದರೆ ಸ್ವಾಮಿತ್ವ ಯೋಜನೆಯ ಆಸ್ತಿ ಸರ್ವೆ ಇರಬಹುದು, ಪಂಚಾಯಿತಿಯಲ್ಲಿ ವಿಚಾರಿಸಿ.

ಕಾನೂನು ಇಲ್ಲಿ ತೆಳುವಾಗಿದೆ. ಡ್ರೋನ್ ಹಾರಾಟದ ಬಗ್ಗೆ 2021ರ ಮಾರ್ಚಿನಲ್ಲಿ ಬಂದ ನಿಯಮಗಳಲ್ಲಿ ಚಿತ್ರ ತೆಗೆಯುವವರು ಜನರ ಖಾಸಗಿತನ ಕಾಪಾಡಬೇಕೆಂಬ ಮಾತಿತ್ತು. ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು ಅದನ್ನು ಕೈಬಿಟ್ಟವು. ಇದು ದೊಡ್ಡ ಲೋಪ, ಅದರಲ್ಲೂ 250 ಗ್ರಾಂ ಒಳಗಿನ ನ್ಯಾನೊ ಡ್ರೋನಿಗೆ ಪೈಲಟ್ ಪ್ರಮಾಣಪತ್ರವೂ ಬೇಡವಾಗಿರುವಾಗ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು, ನಿಜ. ಆದರೆ ನೆರೆಯವನ ವಿರುದ್ಧ ಠಾಣೆಗೆ ಹೋಗಲು ದಂಡ ಕಾನೂನೇ ಬೇಕು. ಸ್ನಾನ ಮಾಡುವಾಗ, ಬಟ್ಟೆ ಬದಲಿಸುವಾಗ ಹೆಂಗಸರನ್ನು ಇಣುಕಿ ನೋಡಿದರೆ ಅಥವಾ ಚಿತ್ರೀಕರಿಸಿದರೆ ಸಂಹಿತೆಯ 77ನೇ ಸೆಕ್ಷನ್: ಮೊದಲ ಸಲಕ್ಕೆ 1ರಿಂದ 3 ವರ್ಷ ಜೈಲು. ಗಂಡಸರಿಗೂ ಅನ್ವಯಿಸುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಇ ಸೆಕ್ಷನ್, ಅದು ಗುಪ್ತಾಂಗಗಳ ಚಿತ್ರಕ್ಕೆ ಮಾತ್ರ.

ಆದ್ದರಿಂದ ಸಾಕ್ಷ್ಯವೇ ನಿಮ್ಮ ಬಲ. ಡ್ರೋನಿನ ಜೊತೆ ನೀರಿನ ಟ್ಯಾಂಕೋ ತೆಂಗಿನ ಮರವೋ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿ, ಎತ್ತರ ಅಂದಾಜಾಗುತ್ತದೆ. ಬ್ಯಾಟರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮರಳುವ ದಿಕ್ಕು ಹಿಡಿದರೆ ಹಾರಿಸುವವರು ಸಿಗುತ್ತಾರೆ. ಮದುವೆ ಶೂಟಿಂಗೋ ಸೈಟ್ ಮಾರುವವರ ವಿಡಿಯೊವೋ ಆಗಿದ್ದರೆ ಮಾತಿನಲ್ಲೇ ಮುಗಿಯಬಹುದು. ಮುಗಿಯದಿದ್ದರೆ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ದೂರು ಕೊಡುವುದಿದ್ದರೆ "ನಿಮ್ಮೆದುರೇ ಡಿಲೀಟ್ ಮಾಡ್ತೀನಿ" ಎಂಬ ಮಾತಿಗೆ ಒಪ್ಪಬೇಡಿ. ಮೆಮೊರಿ ಕಾರ್ಡ್ ಮತ್ತು ಹಾರಿಸಿದವರ ಫೋನಿನಲ್ಲಿರುವ ಹಾರಾಟದ ದಾಖಲೆ ವಶಪಡಿಸಿಕೊಳ್ಳಬೇಕೆಂದು ದೂರಿನಲ್ಲೇ ಬರೆಯಿರಿ. ಡ್ರೋನ್ ಎಲ್ಲಿ, ಎಷ್ಟು ಹೊತ್ತು ನಿಂತಿತ್ತು ಎಂಬುದು ಅದರಲ್ಲಿರುತ್ತದೆ.