ಬೆಲೆ ಕಟ್ಟುವ ಲೆಕ್ಕ: ಗುಣಿಸಬೇಡಿ, ಭಾಗಿಸಿ

ಹುಬ್ಬಳ್ಳಿಯಿಂದ ಸಗಟಿನಲ್ಲಿ ಸೀರೆ ತಂದು ಶಿರಸಿಯಲ್ಲೋ ಕುಮಟೆಯಲ್ಲೋ ಕೂತು ಆನ್‌ಲೈನ್‌ನಲ್ಲಿ ಮಾರುವವರಿಗೆ, ಹಳೇ ಹಿತ್ತಾಳೆ ಸಾಮಾನು ಕೊಂಡು ತಿಕ್ಕಿ ಮಾರುವವರಿಗೆ ಈ ಟಿಪ್ಪಣಿ. ಖಾತೆ ತೆರೆಯುವುದು, ಬ್ಯಾಂಕ್ ಜೋಡಿಸುವುದು ಇಲ್ಲಿ ಇಲ್ಲ. ಆ್ಯಪ್ ಕೇಳಿದ್ದನ್ನು ತುಂಬುತ್ತ ಹೋದರೆ ಆಯಿತು. ಎಡವುವುದು ಬೆಲೆ ಕಟ್ಟುವಾಗ.

ಕಮಿಷನ್ ಯಾವುದರ ಮೇಲೆ?

ಒಂದು ಕಾಟನ್ ಸೀರೆ ತಗೊಳ್ಳಿ. ಖರೀದಿ 400 ರೂಪಾಯಿ, ಬಸ್ಸಿನಲ್ಲಿ ತಂದ ಬಾಡಿಗೆಯ ಪಾಲು 6, ಪ್ಯಾಕಿಂಗ್ 14, ಕೊರಿಯರ್ 80. ಒಟ್ಟು ಅಸಲು 500. ಆ್ಯಪಿನ ಕಮಿಷನ್ 15% ಇದೆ ಅಂದುಕೊಳ್ಳಿ. ಆ ಕಮಿಷನ್ ಮೇಲೆ 18% ಜಿಎಸ್‌ಟಿ ಬೇರೆ, ಹಾಗಾಗಿ ನಿಜವಾದ ಕಡಿತ 17.7%. ನಮಗೆ 12% ಉಳಿಯಬೇಕು.

ಎಲ್ಲರೂ ಮೊದಲು ಮಾಡುವುದು ಹೀಗೆ: 17.7ಕ್ಕೆ 12 ಕೂಡಿಸಿ 29.7%, ಅದನ್ನು 500ರ ಮೇಲೆ ಹಾಕಿ 648.50. ನೋಡಲು ಸರಿಯಾಗಿಯೇ ಇದೆ. ಕಮಿಷನ್ನಿಗೆ 88.50 ತೆಗೆದಿಟ್ಟೆವು, ನಮಗೆ 60 ಉಳಿಯಿತು ಅನಿಸುತ್ತದೆ. ಆದರೆ ಆ್ಯಪಿಗೆ ನಮ್ಮ 500 ಗೊತ್ತೇ ಇಲ್ಲ. ಅದು 17.7% ಮುರಿದುಕೊಳ್ಳುವುದು ಗಿರಾಕಿ ಕೊಟ್ಟ 648.50ರ ಮೇಲೆ, ಅಂದರೆ ಸುಮಾರು 114.80. ಹೆಚ್ಚಿಗೆ ಹೋದ 26 ರೂಪಾಯಿ ನಮ್ಮ 60ರಿಂದಲೇ ಹೋಯಿತು. ಕೈಗೆ ಬಂದದ್ದು 33.70.

ಇದನ್ನು ಎರಡು ಸಲ ಓದಿ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಮಾರುವ ಬೆಲೆ 100 ಪಾಲು ಅಂತಿಟ್ಟರೆ 17.7 ಪಾಲು ಆ್ಯಪಿಗೆ, 12 ಪಾಲು ನಮಗೆ. ಉಳಿದ 70.3 ಪಾಲಿನಲ್ಲಿ ಅಸಲು ಹೊರಡಬೇಕು. ಅಂದರೆ 500 ರೂಪಾಯಿ ಎಂಬುದು ಬೆಲೆಯ 70.3%. ಹಾಗಾದರೆ ಬೆಲೆ ಎಷ್ಟು? 500 ಭಾಗಿಸು 0.703, ಸುಮಾರು 711. ತಾಳೆ ನೋಡಿ: 711ರಲ್ಲಿ ಆ್ಯಪಿಗೆ 126, ನಮಗೆ 85, ಅಸಲಿಗೆ 500. ಸರಿಹೋಯಿತು.

ನೆನಪಿಗೆ ಒಂದೇ ಮಾತು: ರೂಪಾಯಿಯಲ್ಲಿ ನಿಂತದ್ದು ಭಾಗಾಕಾರದ ಗೆರೆಯ ಮೇಲೆ, ಶೇಕಡಾದಲ್ಲಿ ಬಂದದ್ದು ನೂರರಲ್ಲಿ ಕಳೆದು ಗೆರೆಯ ಕೆಳಗೆ. ಆರ್ಡರಿಗೆ ಇಷ್ಟು ಅಂತ ಮುರಿಯುವ ನಿಗದಿತ ಶುಲ್ಕ ಇದ್ದರೆ ಅದು ಅಸಲಿನ ಜೊತೆ ಮೇಲೆ ಹೋಗುತ್ತದೆ. ಪ್ರತಿ ಸಲ ಭಾಗಿಸಲು ಬೇಜಾರಾದರೆ ಇವನ್ನು ಬರೆದು ಗೋಡೆಗೆ ಅಂಟಿಸಿ: ಕಡಿತ ಮತ್ತು ಲಾಭ ಸೇರಿ 25% ಆದರೆ ಅಸಲನ್ನು 1.33ರಿಂದ ಗುಣಿಸಿ, 30% ಆದರೆ 1.43, 35% ಆದರೆ 1.54, 40% ಆದರೆ 1.67.

ರಿಯಾಯಿತಿಗೂ ಇದೇ ನಿಯಮ. 10% ಬಿಟ್ಟ ಮೇಲೆ 750 ಸಿಗಬೇಕಾದರೆ 825 ಹಾಕಬಾರದು. ಅದರಲ್ಲಿ 10% ಕಳೆದರೆ 742.50 ಉಳಿಯುತ್ತದೆ. 750 ಭಾಗಿಸು 0.9, ಅಂದರೆ 834.

ವಾಪಸ್ ಬಂದ ಪಾರ್ಸೆಲ್ ಯಾರ ತಲೆಗೆ?

ಮಾರಾಟವಾದ ಸೀರೆಗಳ ತಲೆಗೆ. ಸಿಒಡಿಯಲ್ಲಿ (ಸಾಮಾನು ಕೈಗೆ ಬಂದಾಗ ದುಡ್ಡು ಕೊಡುವ ಪದ್ಧತಿ) ಗಿರಾಕಿ ಬಾಗಿಲಲ್ಲೇ ಬೇಡ ಅಂದುಬಿಡಬಹುದು. ಕಮಿಷನ್ ವಾಪಸ್ ಸಿಕ್ಕಿತೆಂದೇ ಇಟ್ಟುಕೊಂಡರೂ ಹೋದ ಕೊರಿಯರ್ 80, ಬಂದ ಕೊರಿಯರ್ 60, ಹಾಳಾದ ಪ್ಯಾಕಿಂಗ್ 14, ಒಟ್ಟು 154 ಹೋಯಿತು. ನೂರರಲ್ಲಿ 15 ವಾಪಸ್ ಬಂದರೆ 2,310. ಇದನ್ನು 100ರಿಂದ ಅಲ್ಲ, ನಿಂತ 85ರಿಂದ ಭಾಗಿಸಬೇಕು: ಸೀರೆಗೆ 27. ಈಗ ಅಸಲು 527, ಬೆಲೆ 750. ಮೊದಲ ಎರಡು ತಿಂಗಳು ವಾಪಸಾದದ್ದನ್ನು ಪಿನ್‌ಕೋಡ್ ಸಹಿತ ಬರೆದಿಡಿ. ನಿಮ್ಮ ಸ್ವಂತ ಅಂಕಿ ಸಿಗುವವರೆಗೆ ಈ 15 ಬರೀ ಉದಾಹರಣೆ.

ವಾಪಸಿಗೆ ದೊಡ್ಡ ಕಾರಣ ಬಣ್ಣ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಕುಂಕುಮ ಕೆಂಪು ಫೋಟೋದಲ್ಲಿ ಬೇರೆಯೇ ಕಾಣುತ್ತದೆ. ಮೋಡ ಕವಿದ ದಿನ ಕಿಟಕಿ ಪಕ್ಕ, ಲೈಟ್ ಆರಿಸಿ ತೆಗೆಯಿರಿ. ನಮ್ಮ ಮಳೆಗಾಲ ಫೋಟೋಕ್ಕೆ ನಿಜಕ್ಕೂ ಒಳ್ಳೆಯದು.

ಗಾತ್ರದ ತೂಕ

ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋದಲ್ಲಿ ಬರುತ್ತದೆ. ಹೆಚ್ಚಿನ ಕೊರಿಯರಿನವರು ತಕ್ಕಡಿ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಹಾಕುತ್ತಾರೆ. 2 ಕಿಲೋದ ಹಿತ್ತಾಳೆ ದೀಪವನ್ನು ಮನೆಯಲ್ಲಿ ಬಿದ್ದಿದ್ದ 30×30×30ರ ಪೆಟ್ಟಿಗೆಗೆ ಹಾಕಿದರೆ 5.4 ಕಿಲೋ. ದೀಪ ಬಿಚ್ಚಿ, ಕಂಬ ಮತ್ತು ತಟ್ಟೆ ಬೇರೆ ಬೇರೆ ಸುತ್ತಿ 25×20×20ರಲ್ಲಿ ಕೂರಿಸಿದರೆ 2 ಕಿಲೋ ಸುತ್ತಮುತ್ತ ನಿಲ್ಲುತ್ತದೆ. ಸೀರೆಯದು ಇನ್ನೂ ಸೂಕ್ಷ್ಮ: 30×25×4 ಆದರೆ 600 ಗ್ರಾಂ, ಅರ್ಧ ಕಿಲೋ ದರ ದಾಟಿತು. ಇನ್ನೊಂದು ಮಡಿಕೆ ಬಿಗಿ ಮಾಡಿ, ಗಾಳಿ ಒತ್ತಿ ತೆಗೆದು 28×22×4ಕ್ಕೆ ಇಳಿಸಿದರೆ 493 ಗ್ರಾಂ.

ಮಳೆಗಾಲ

ಸ್ಟಾಕ್ ಚಿರೇಕಲ್ಲಿನ ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ ಹಲಗೆಯ ಮೇಲೆ ಇರಲಿ. ಅಟ್ಟ ಬೆಚ್ಚಗಿದೆ ಅಂತ ಅಡಿಕೆ ಚೀಲದ ಪಕ್ಕ ಇಟ್ಟರೆ ಸೀರೆಗೆ ಹೊಗೆ ವಾಸನೆ ಹಿಡಿದು ಗಿರಾಕಿ ವಾಪಸ್ ಕಳಿಸುತ್ತಾರೆ. ಹಿತ್ತಾಳೆಯನ್ನು ಹುಣಸೆಹುಳಿಯಲ್ಲಿ ತಿಕ್ಕಿದ ಮೇಲೆ ಸಂದಿಯ ನೀರು ಪೂರ್ತಿ ಆರಬೇಕು. ಹಸಿ ಇರುವಾಗಲೇ ಪ್ಲಾಸ್ಟಿಕ್ ಸುತ್ತಿದರೆ ದಾರಿಯಲ್ಲೇ ಹಸಿರು ಕಿಲುಬು ಏಳುತ್ತದೆ. ತೇವ ಹಿಡಿದ ರಟ್ಟಿಗೆ ಟೇಪು ಹಿಡಿಯುವುದಿಲ್ಲ, ಅಂಟಿಸುವ ಜಾಗವನ್ನು ಒಣಬಟ್ಟೆಯಲ್ಲಿ ಉಜ್ಜಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾರ್ಸೆಲ್ ಹೊರಡಿಸುವ ಗಡುವನ್ನು ಒಂದು ದಿನದಿಂದ ಮೂರಕ್ಕೆ ಏರಿಸಿ. ಅರಬೈಲು, ದೇವಿಮನೆ ಘಟ್ಟದಲ್ಲಿ ಮಣ್ಣು ಜರಿದರೆ ಗಾಡಿ ನಿಲ್ಲುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಅಂಥ ದಿನ ಅಂಗಡಿಯನ್ನು ರಜೆಗೆ ಹಾಕಿಬಿಡಿ, ತಡವಾದರೆ ಬೀಳುವ ದಂಡ ತಪ್ಪುತ್ತದೆ.

ಮಾಜಾಳಿ ದಾಟಿದರೆ

ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿ 2023ರ ಅಕ್ಟೋಬರ್ 1ರಿಂದ ಆ್ಯಪ್ ಮೂಲಕ ಸಾಮಾನು ಮಾರಬಹುದು. ವಹಿವಾಟು ಮಿತಿಯೊಳಗಿರಬೇಕು (ಕರ್ನಾಟಕದಲ್ಲಿ ಸರಕಿಗೆ ವರ್ಷಕ್ಕೆ 40 ಲಕ್ಷ), ಜಿಎಸ್‌ಟಿ ಪೋರ್ಟಲ್‌ನಲ್ಲಿ ಪಾನ್ ಕೊಟ್ಟು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆಯಬೇಕು, ಮಾರಾಟ ರಾಜ್ಯದೊಳಗೇ ಇರಬೇಕು. ಈ ಕೊನೆಯದು ಕಾರವಾರದವರಿಗೆ ಮುಖ್ಯ. ಬೀದರಿಗೆ ಕಳಿಸಿದರೆ ತೊಂದರೆಯಿಲ್ಲ, ಮಾಜಾಳಿ ಗಡಿ ದಾಟಿ ಪಕ್ಕದ ಗೋವಾದ ಕಾಣಕೋಣಕ್ಕೆ ಕಳಿಸಿದರೆ ಅದು ಹೊರರಾಜ್ಯ. ವಾಟ್ಸಾಪ್‌ನಲ್ಲಿ ನೇರ ಮಾರಿದರೂ ತೆರಿಗೆ ಇರುವ ಸರಕು ಗಡಿ ದಾಟಿದರೆ ಸಾಮಾನ್ಯವಾಗಿ ನೋಂದಣಿ ಬೇಕು.

ನೋಂದಣಿ ಮಾಡಿಸಿ ಹಳೇ ಸಾಮಾನು ಮಾರುವವರಿಗೆ ಒಂದು ಅನುಕೂಲವಿದೆ. ಖರೀದಿಯ ಮೇಲೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತಗೊಳ್ಳದಿದ್ದರೆ ತೆರಿಗೆ ಪೂರ್ತಿ ಬೆಲೆಗಲ್ಲ, ವ್ಯತ್ಯಾಸಕ್ಕೆ ಮಾತ್ರ. 1,000ಕ್ಕೆ ಕೊಂಡ ಹಂಡೆಯನ್ನು 1,400ಕ್ಕೆ ಮಾರಿದರೆ 400ರ ಮೇಲೆ. ತೊಳೆದು ಹೊಳಪು ಕೊಡುವಷ್ಟಕ್ಕೆ ಅಡ್ಡಿಯಿಲ್ಲ, ಕರಗಿಸಿ ಬೇರೆ ಸಾಮಾನು ಮಾಡಿದರೆ ಈ ಸೌಲಭ್ಯ ಇಲ್ಲ. ಮನೆಮನೆಯಿಂದ ಕೊಳ್ಳುವಾಗ ಬಿಲ್ ಸಿಗುವುದಿಲ್ಲವಾದ್ದರಿಂದ ಕೊಟ್ಟವರ ಹೆಸರು, ತಾರೀಕು, ಕೊಟ್ಟ ಹಣ ಬರೆದು ಸಹಿ ಹಾಕಿಸಿಕೊಳ್ಳಿ. ದುಡ್ಡನ್ನು ಯುಪಿಐಯಲ್ಲೇ ಕೊಡಿ.