ಬೆಳಗ್ಗೆ ಹತ್ತೂವರೆಯ ಕೆಂಪು

ಉಪಗ್ರಹದ ಚಿತ್ರಗಳಿಂದ ಊರಿನ ಬಿಸಿಯ ನಕ್ಷೆ ಮಾಡುವುದು ನಮ್ಮ ಕೆಲಸ. ಬೇಸಿಗೆ ಬಂತೆಂದರೆ ನನಗೆ ಒಂದೇ ಥರದ ಫೋನು: "ಸಾರ್, ನಕ್ಷೆಯಲ್ಲಿ ನಮ್ಮ ಏರಿಯಾ ಕೆಂಪಗಿದೆ. ಇಲ್ಲಿ ನಿಜವಾಗ್ಲೂ 45 ಡಿಗ್ರಿನಾ?" ಅಲ್ಲ. ಉಪಗ್ರಹ ಅಳೆಯುವುದು ಮಣ್ಣು, ತಾರಸಿ, ಡಾಂಬರಿನ ಮೈಬಿಸಿ. ಹವಾಮಾನ ಇಲಾಖೆ ಹೇಳುವುದು ನೆರಳಿನ ಗಾಳಿಯ ಬಿಸಿ. ಬರಿಗಾಲಲ್ಲಿ ತಾರಸಿಗೆ ಹಪ್ಪಳ ಒಣಗಿಸಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ನಾವು ಜಾಸ್ತಿ ಬಳಸುವುದು ಲ್ಯಾಂಡ್‌ಸ್ಯಾಟ್ 8 ಮತ್ತು 9 ಎಂಬ ಉಪಗ್ರಹಗಳ ಚಿತ್ರ. ಒಂದೊಂದೂ 16 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾಯುತ್ತದೆ, ಅದೂ ಬೆಳಗ್ಗೆ ಹತ್ತೂವರೆ ಆಸುಪಾಸಿನಲ್ಲಿ. ಮೋಡ ಇದ್ದರೆ ಆ ದಿನದ ಚಿತ್ರ ದಂಡ. ಶಾಖ ಹಿಡಿಯುವ ಸೆನ್ಸರಿನ ಒಂದು ಚೌಕ 100 ಮೀಟರ್ ಉದ್ದ, ಅಷ್ಟೇ ಅಗಲ. ಬೆಂಗಳೂರಿನ ಲೆಕ್ಕದಲ್ಲಿ 30x40 ಸೈಟು ಸುಮಾರು 90 ಹಿಡಿಸುವ ಜಾಗ. ಫೈಲಿನಲ್ಲಿ ಅದನ್ನೇ 30 ಮೀಟರಿನ ಚೌಕಗಳಾಗಿ ಮಾಡಿ ಕೊಟ್ಟಿರುತ್ತಾರೆ. ಅದನ್ನು ನಂಬಿ ಪಕ್ಕದ ಬೀದಿ ತಂಪು ಅನ್ನಬೇಡಿ.

ಒಮ್ಮೆ ಒಂದು ಕೈಗಾರಿಕಾ ಪ್ರದೇಶದ ನಕ್ಷೆಯ ನಡುವೆ ನೀಲಿ, ಅಂದರೆ ತಂಪು, ತುಂಡೊಂದು ಕಂಡಿತು. ಕೆರೆ ಇರಬೇಕು ಅಂದುಕೊಂಡೆವು. ಹೋಗಿ ನೋಡಿದರೆ ಹೊಸ ಶೀಟು ಹೊದಿಸಿದ ದೊಡ್ಡ ಗೋದಾಮು. ಏಣಿ ಹತ್ತಿ ಮುಟ್ಟಿದರೆ ಕೈ ಚುರ್ ಅಂದಿತು! ಹೊಳೆಯುವ ಲೋಹ ಎಷ್ಟೇ ಕಾದರೂ ಆ ಬಿಸಿಯನ್ನು ಕಿರಣವಾಗಿ ಹೊರಬಿಡುವುದು ಕಡಿಮೆ, ಹಾಗಾಗಿ ಉಪಗ್ರಹಕ್ಕೆ ತಂಪಾಗಿ ಕಾಣುತ್ತದೆ. ಬಿಸಿಯನ್ನು ಹೀಗೆ ಹೊರಬಿಡುವ ಗುಣದ ಅಳತೆಯೇ ಎಮಿಸಿವಿಟಿ. ಕಾಂಕ್ರೀಟು, ಗಿಡಮರಗಳಿಗೆ ಅದು 0.9ಕ್ಕಿಂತ ಜಾಸ್ತಿ, ಹೊಳೆಯುವ ಶೀಟಿಗೆ ತೀರಾ ಕಡಿಮೆ. ನಮ್ಮ ಸೂತ್ರ ಎಲ್ಲ ಕಟ್ಟಡಕ್ಕೂ ಒಂದೇ ಅಂಕಿ ಹಾಕಿತ್ತು. ತಪ್ಪು ನಮ್ಮದೇ.

ಮಾರ್ಚ್ ತಿಂಗಳ ಬೆಂಗಳೂರಿನ ಚಿತ್ರ ನೋಡಿ. ಲಾಲ್‌ಬಾಗ್ ತಂಪು, ಸರಿ. ಆದರೆ ಊರಾಚೆ ರಾಗಿ ಕುಯ್ದ ಬೋಳು ಹೊಲಗಳು ಎಷ್ಟೋ ಕಡೆ ನಗರಕ್ಕಿಂತ ಕೆಂಪು. ಪಸೆಯಿಲ್ಲದ ಮಣ್ಣು ಬಿಸಿಲು ಬಿದ್ದ ಕೂಡಲೇ ಕಾಯುತ್ತದೆ. ಹಾಗಂತ ನಗರವೇ ವಾಸಿ ಅಂದುಬಿಡುವವರಿದ್ದಾರೆ. ಅವರಿಗೆ ನಾನು ಬೇರೆ ಉಪಗ್ರಹಗಳಲ್ಲಿರುವ ಮೋಡಿಸ್ ಎಂಬ ಸೆನ್ಸರಿನ ರಾತ್ರಿಯ ಚಿತ್ರ ತೋರಿಸುತ್ತೇನೆ. ಹೊಲ ಅಷ್ಟರಲ್ಲಿ ಆರಿರುತ್ತದೆ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಇನ್ನೂ ಬೆಚ್ಚಗಿರುತ್ತದೆ. ಸುತ್ತಲ ಹಳ್ಳಿಗಿಂತ ನಗರ ಬಿಸಿಯಾಗಿರುವುದು, ಅಂದರೆ ನಗರದ ಶಾಖದ್ವೀಪ, ಎದ್ದು ಕಾಣುವುದು ಆಗಲೇ. ಆದರೆ ಮೋಡಿಸ್‌ನ ಒಂದು ಚೌಕ ಒಂದು ಕಿಲೋಮೀಟರು. ರಾತ್ರಿ ಹನ್ನೊಂದಕ್ಕೆ ತಾರಸಿಗೆ ನೀರು ಚೆಲ್ಲಿ ಮಲಗುವ ಮೇಲ್ಮಹಡಿಯ ಸಂಸಾರ ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ನನ್ನ ಬ್ಯಾಗಿನಲ್ಲಿ ಕೈಯಲ್ಲಿ ಹಿಡಿದು ಅಳೆಯುವ ಥರ್ಮಾಮೀಟರು ಸದಾ ಇರುತ್ತದೆ.