ಮುಂದಿನ ವರ್ಷದ ಮಹಡಿ

ಕಲಬುರಗಿಯ ಯಾವ ಬಡಾವಣೆಯ ಮಾಳಗಿ ಹತ್ತಿ ನೋಡಿದರೂ ಕಾಣುವುದು ಅದೇ: ಕಪ್ಪು ನೀರಿನ ಟ್ಯಾಂಕು, ಡಿಶ್, ಮತ್ತು ಸ್ಲ್ಯಾಬಿನಿಂದ ಮೂರಡಿ ಮೇಲೆದ್ದು ನಿಂತ ಕಾಲಂ ರಾಡುಗಳು. ಕೆಲವಕ್ಕೆ ತುಕ್ಕು ಹಿಡಿಯದಿರಲೆಂದು ಸಿಮೆಂಟಿನ ನೀರು ಬಳಿದಿರುತ್ತಾರೆ, ಕೆಲವಕ್ಕೆ ಪ್ಲಾಸ್ಟಿಕ್ ಬಾಟಲಿ ತೊಡಿಸಿರುತ್ತಾರೆ. ಬಟ್ಟೆ ಒಣಹಾಕುವ ಹಗ್ಗವನ್ನೂ ಅವಕ್ಕೇ ಕಟ್ಟಿರುತ್ತಾರೆ. ಈ ಊರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮನೆ ಕಟ್ಟಿಸುತ್ತಿದ್ದೇನೆ. ಬಿಸಿಲಿಗಿಂತ ಈ ರಾಡುಗಳೇ ನನಗೆ ಹೆಚ್ಚು ತಲೆನೋವು ಕೊಟ್ಟಿವೆ.

ಮನೆ ತಂಪಾಗಿರಲು ಮಾಳಗಿಗೆ ಬಿಳಿ ಸುಣ್ಣ ಬಳಿಸಿ ಎಂದು ಬಾಯಿ ತೆರೆದರೆ ಸಾಕು. “ಮುಂದಿನ ವರ್ಷ ಮ್ಯಾಲ ಕಟ್ಟೋದದ ಸರ್, ಈಗ್ಯಾಕ ಸುಮ್ನ ರೊಕ್ಕ ಹಾಳು?”

ರೊಕ್ಕ ಇಲ್ಲವೆಂದಲ್ಲ. ಅದೇ ಮನೆಯ ಎದುರಿಗೆ ಗ್ರಾನೈಟ್ ಹಚ್ಚಿರುತ್ತಾರೆ, ಗೇಟಿಗೆ ಸ್ಟೀಲು, ಹಾಲಿಗೆ ಪಿಒಪಿ. ಆದರೆ ಅವರ ಲೆಕ್ಕದಲ್ಲಿ ಮಾಳಗಿ ಚಾವಣಿಯೇ ಅಲ್ಲ, ಇನ್ನೂ ಕಟ್ಟದ ಮಹಡಿಯ ನೆಲ. ನೆಲಕ್ಕೆ ಯಾರು ಸುಣ್ಣ ಹೊಡೆಸುತ್ತಾರೆ? ಆ ಮುಂದಿನ ವರ್ಷ ಬರುವುದರೊಳಗೆ ಮಗಳ ಮದುವೆ ಬರುತ್ತದೆ, ಮಗನ ಫೀಸು ಬರುತ್ತದೆ. ರಾಡು ನಿಂತಲ್ಲೇ ನಿಂತಿರುತ್ತದೆ.

ಎರಡನೆಯ ಮಾತು: “ಹಗಲೆಲ್ಲ ನಾವು ಮನ್ಯಾಗ ಇರಂಗಿಲ್ಲ ಬಿಡ್ರಿ.” ಇದನ್ನು ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸ್ವಾಮಿ, ಹಗಲಿನ ಮಾತು ಯಾರು ಆಡಿದರು? ಐದಿಂಚಿನ ಸ್ಲ್ಯಾಬಿನ ಮೇಲೆ ಮಧ್ಯಾಹ್ನ ಬಿದ್ದ ಬಿಸಿಲು ಕೆಳಗಿನ ಗಿಲಾವ್‌ಗೆ ತಲುಪಲು ಹೆಚ್ಚುಕಡಿಮೆ ಮೂರು-ನಾಲ್ಕು ತಾಸು ಬೇಕು. ನೀವು ಆಫೀಸಿನಿಂದ ಬಂದು ಫ್ಯಾನ್ ಹಾಕಿ ಅಂಗಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಅದು ನಿಮ್ಮ ನೆತ್ತಿಯ ಮೇಲಿರುತ್ತದೆ. ಫ್ಯಾನ್ ತಿರುಗಿದಷ್ಟೂ ಚಾವಣಿಯ ಕೆಳಗಿನ ಬಿಸಿಗಾಳಿಯನ್ನೇ ಹಾಸಿಗೆಗೆ ತಳ್ಳುತ್ತದೆ. ಸೂರ್ಯ ಮುಳುಗಿದ, ಸ್ಲ್ಯಾಬ್ ಮುಳುಗಲಿಲ್ಲ. ನಡುರಾತ್ರಿ ಕುರ್ಚಿ ಹತ್ತಿ ಚಾವಣಿಗೆ ಅಂಗೈ ಇಟ್ಟು ನೋಡಿ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಇಟ್ಟು ನೋಡಿದವರು ಮತ್ತೆ ವಾದಕ್ಕೆ ಬಂದಿಲ್ಲ.

ಹಾಗೆ ನೋಡಿದರೆ ಇದು ಗೊತ್ತಿಲ್ಲದವರು ಯಾರೂ ಇಲ್ಲ. ಏಪ್ರಿಲ್ ಸಂಜೆ ಮಾಳಗಿಗೆ ಬಕೆಟ್‌ಗಟ್ಟಲೆ ನೀರು ಸುರಿದು, ಚುಂಯ್ ಎಂದು ಹಬೆ ಎದ್ದು, ಆರಿದ ಮೇಲೆ ಹಾಸಿಗೆ ಬಿಡಿಸಿದ ಜನ ನಾವು. ನೀರು ಸುರಿಯುವಾಗ ಇದ್ದ ತಿಳಿವಳಿಕೆ ಸುಣ್ಣದ ಮಾತು ಬಂದಾಗ ಎಲ್ಲಿ ಹೋಗುತ್ತದೋ!

ಇನ್ನು ಕೆಲವರ ಗಮನವೆಲ್ಲ ಪಡುವಣ ಗೋಡೆಯ ಮೇಲೆ. ಸಂಜೆ ಬಿಸಿಲು ಅಲ್ಲಿ ಹೊಡೆಯುತ್ತದೆ, ನಿಜ. ಆದರೆ ಮೇ ಎರಡನೇ ವಾರದ ಹೊತ್ತಿಗೆ ನಮ್ಮೂರಿನಲ್ಲಿ ಸೂರ್ಯ ಮಧ್ಯಾಹ್ನ ನೇರ ತಲೆಯ ಮೇಲೇ ಇರುತ್ತಾನೆ, ನೆಟ್ಟ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಆಗ ಹೊಡೆತ ತಿನ್ನುವುದು ಮಾಳಗಿ. ಹಳೆಯ ಬೂದು ಸ್ಲ್ಯಾಬ್ ಆ ಬಿಸಿಲಿನಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ವಾಪಸು ಕಳಿಸುತ್ತದೆ. ಹೊಸದಾಗಿ ಬಳಿದ ಒಳ್ಳೆಯ ಬಿಳಿ ಲೇಪ ಮುಕ್ಕಾಲು ಭಾಗದ ಹತ್ತಿರ ಕಳಿಸುತ್ತದೆ.

“ಎಷ್ಟು ಡಿಗ್ರಿ ಕಮ್ಮಿ ಆಗ್ತದ?” ಎಂದು ಕೇಳಿದರೆ ಬರೆದುಕೊಡಲು ನಾನು ತಯಾರಿಲ್ಲ. ಕೋಣೆಯಲ್ಲಿ ಎರಡರಿಂದ ನಾಲ್ಕು ಎನ್ನಬಹುದು. ಕಿಟಕಿ, ಗಾಳಿ, ಗೋಡೆ ಎಲ್ಲದರ ಮೇಲೆ ನಿಂತ ಲೆಕ್ಕ ಅದು. ನಮ್ಮ ಧೂಳಿಗೆ ಬಿಳುಪು ಬೇಗ ಇಳಿಯುತ್ತದೆ, ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ಶಿವರಾತ್ರಿ ಹೊತ್ತಿಗೆ ಮತ್ತೆ ಬಳಿಯಬೇಕು. ಸೋರುವ ಮಾಳಗಿಗೆ ಸುಣ್ಣ ಮದ್ದಲ್ಲ, ಮೊದಲು ಬಿರುಕು ಮುಚ್ಚಿಸಿ. ಕಣ್ಣಿಗೆ ಚುಚ್ಚುತ್ತದೆ ಎನ್ನುವ ಹೆಣ್ಣುಮಕ್ಕಳ ದೂರು ಖರೇನೇ. ಸಂಡಿಗೆ ಒಣಹಾಕಲು ಮುಂಜಾನೆಯೇ ಹೋಗುವುದು ಒಳಿತು.

ಬಾಡಿಗೆ ಮನೆಗಳ ಕತೆ ಬೇರೆ. ಮಾಲೀಕ ಕೆಳಗೆ ತಣ್ಣಗೆ ಶಹಾಬಾದಿ ಫರಸಿಯ ಮೇಲೆ, ಬಾಡಿಗೆದಾರ ಮೇಲೆ ಸ್ಲ್ಯಾಬಿನಡಿ. ಸುಣ್ಣದ ಖರ್ಚು ಒಬ್ಬನದು, ನಿದ್ದೆ ಇನ್ನೊಬ್ಬನದು. ಇಬ್ಬರೂ ಕೈಕಟ್ಟಿ ಕೂರುತ್ತಾರೆ. ಕೊನೆಗೆ ಬಾಡಿಗೆದಾರ ಕಂತಿನಲ್ಲಿ ಎಸಿ ತರುತ್ತಾನೆ, ಅದರ ಹೊರಗಿನ ಡಬ್ಬಿ ಓಣಿಗೆ ಬಿಸಿ ಉಗುಳುತ್ತದೆ. ರಾತ್ರಿ ಹತ್ತಕ್ಕೆ ಆಳಂದ ರಸ್ತೆಯಿಂದ ಬೈಕಿನಲ್ಲಿ ಬನ್ನಿ. ತೊಗರಿ ಹೊಲಗಳ ನಡುವೆ ತಂಪಾಗಿದ್ದ ಗಾಳಿ ಊರೊಳಗೆ ಕಾಲಿಟ್ಟೊಡನೆ ಒಲೆಯ ಮುಂದೆ ನಿಂತಂತೆ ಮುಖಕ್ಕೆ ರಾಚುತ್ತದೆ. ಸಾವಿರಾರು ಸ್ಲ್ಯಾಬುಗಳು ಕೂಡಿ ಮಾಡುವ ಕೆಲಸ ಅದು.

ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿ ತಂದಿತು. 2028ರೊಳಗೆ 300 ಚದರ ಕಿಲೋಮೀಟರ್ ಗುರಿ. ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ಕಡ್ಡಾಯ. ಮನೆಗಳಲ್ಲಿ 600 ಚದರ ಗಜಕ್ಕಿಂತ ಸಣ್ಣ ನಿವೇಶನದವರಿಗೆ ಮಾತ್ರ ಅವರವರ ಇಷ್ಟ. ಒಳ್ಳೆಯದೇ. ಆದರೆ ನನ್ನ ಹತ್ತಿರ ಬರುವವರೆಲ್ಲ ಮೂವತ್ತು-ನಲವತ್ತರ ಸೈಟಿನವರು. ಇಷ್ಟಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದು ನನಗೆ ಗೊತ್ತು.

ಹೋದ ಬೇಸಿಗೆಯಲ್ಲಿ ಒಬ್ಬ ನಿವೃತ್ತ ಮಾಸ್ತರರು ಅಂತೂ ಒಪ್ಪಿದರು. ಅವರ ಮನೆಯ ರಾಡುಗಳು ಮಗ ಪಿಯುಸಿ ಓದುವಾಗ ಬಿಟ್ಟವು. ಮಗನಿಗೆ ಈಗ ಪುಣೆಯಲ್ಲಿ ಸ್ವಂತ ಫ್ಲ್ಯಾಟಿದೆ. ಗೌಂಡಿ ಎರಡು ಕೋಟು ಬಳಿದ. ವಾರದ ಮೇಲೆ ಹೋದಾಗ ಮಾಸ್ತರರು ಖುಷಿಯಲ್ಲಿದ್ದರು, “ನಿದ್ದಿ ಹತ್ತಲಿಕ್ಕತ್ತದ ನೋಡ್ರಿ” ಎಂದು ಚಹಾ ಕುಡಿಸಿದರು. ಮಾಳಗಿ ಹತ್ತಿ ನೋಡಿದೆ. ಹಾಲಿನಂತೆ ಬೆಳ್ಳಗಿತ್ತು. ಒಂಬತ್ತು ಕಾಲಮ್ಮಿನ ಸುತ್ತ ಮಾತ್ರ ಗೇಣಗಲ ಬೂದುಬಣ್ಣದ ಚೌಕ ಹಾಗೇ ಉಳಿದಿತ್ತು. ಗೌಂಡಿಯನ್ನು ಕೇಳಿದರೆ ಅವನು ಮಾಸ್ತರರ ಕಡೆ ನೋಡಿದ.

“ಅಲ್ಲಿ ಕಾಲಂ ಬರ್ತದಲ್ಲ ಸರ್,” ಎಂದರು ಮಾಸ್ತರರು.